ದೇವಿಮನೆ ಘಟ್ಟದಲ್ಲಿ ‘ಜಾರಿದ’ ಗೇರು

ಶಿರಸಿಯ ಭಾವನ ಆಟೊಮ್ಯಾಟಿಕ್ ಗೇರಿನ ಕಾರು ಮೊದಲ ಸಲ ಕೈಕೊಟ್ಟದ್ದು ದೇವಿಮನೆ ಘಟ್ಟದ ನಡು ಏರಿನಲ್ಲಿ. ಕುಮಟಾದಲ್ಲಿ ಮದುವೆಯ ಊಟ ಮುಗಿಸಿಕೊಂಡು ಅಕ್ಕನೊಂದಿಗೆ ಊರಿಗೆ ಹಿಂದಿರುಗುತ್ತಿದ್ದಾಗ, ಒಂದು ತಿರುವು ಕಳೆದ ಕೂಡಲೇ ಎಂಜಿನ್ ಇದ್ದಕ್ಕಿದ್ದಂತೆ ಕೂಗಿಕೊಂಡಿತು. ವೇಗ ಮಾತ್ರ ಏರಲಿಲ್ಲ. ಮರುಕ್ಷಣ ಇಡೀ ಕಾರನ್ನು ಯಾರೋ ಹಿಡಿದು ಜಗ್ಗಿದಂತಾಯಿತು. ಆಮೇಲೆ ಅದು ಏರನ್ನು ಎಳೆಯಲಾರದೆ ಏದುಸಿರು ಬಿಡತೊಡಗಿತು, ಮೀಟರಿನಲ್ಲಿ ‘ಓ/ಡಿ ಆಫ್’ (ಓವರ್‌ಡ್ರೈವ್, ಅಂದರೆ ಕೊನೆಯ ಗೇರು, ಬಂದ್) ಎಂಬ ದೀಪ ಮಿಣುಕತೊಡಗಿತು. ಬದಿಗೆ ನಿಲ್ಲಿಸಿ, ಕೀಲಿ ತೆಗೆದು, ಅರ್ಧ ಗಂಟೆ ಕಾದು ಮತ್ತೆ ಹೊರಟರೆ ಏನೂ ಆಗಿಯೇ ಇಲ್ಲವೆಂಬಂತೆ ಶಿರಸಿ ಮುಟ್ಟಿತು.

ಮರುದಿನ ಭಾವ ತೋರಿಸಿದ ಗ್ಯಾರೇಜಿನವರು ಬಾನೆಟ್ ಎತ್ತಿ, ಎಣ್ಣೆಯ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ, ಐದೇ ನಿಮಿಷದಲ್ಲಿ ತೀರ್ಪು ಕೊಟ್ಟರು: ಒಳಗಿನ ಕ್ಲಚ್ ಪ್ಲೇಟುಗಳು ಸವೆದು ಜಾರುತ್ತಿವೆ, ಬಿಚ್ಚಿ ಪ್ರಯೋಜನವಿಲ್ಲ, ಮುಂಬಯಿಯಿಂದ ಹಳೆಯ ಗೇರ್‌ಬಾಕ್ಸ್ ತರಿಸಿ ಕೂರಿಸಬೇಕು, ಅರವತ್ತು ಸಾವಿರ ರೂಪಾಯಿ. ಭಾವ ಫೋನ್ ಮಾಡಿದಾಗ ನಾನು ಒಂದೇ ಮಾತು ಹೇಳಿದೆ: ಯಾವುದನ್ನೂ ಬಿಚ್ಚಲು ಬಿಡಬೇಡಿ, ಯಲ್ಲಾಪುರದ ಕಡೆಯಿಂದ ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ತನ್ನಿ. ಇಳಿಜಾರಿನಲ್ಲಿ ಅದು ತೊಂದರೆ ಕೊಡದೆಂಬುದು ನನ್ನ ಊಹೆಯಾಗಿತ್ತು, ಹಾಗೆಯೇ ಆಯಿತು.

ಕಾರು 2005ರ ಮಾದರಿಯ ಜಪಾನಿ ಸೆಡಾನು. ಓಡಿದ್ದು 1,38,000 ಕಿಲೋಮೀಟರು. ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ, ಏಕೆಂದರೆ ಇಪ್ಪತ್ತು ಮಳೆಗಾಲ ಕಂಡ ಯಂತ್ರದ ದೋಷಕ್ಕೆ ಅದನ್ನು ಮಾಡಿದವರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಅದರಲ್ಲಿರುವುದು ಟಾರ್ಕ್ ಕನ್ವರ್ಟರ್ ಇರುವ ನಾಲ್ಕು ಗೇರಿನ ಹಳೆಯ ಬಗೆಯ ಆಟೊಮ್ಯಾಟಿಕ್. 2014ರ ಬಳಿಕ ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿದ ಎಎಂಟಿ ಅಲ್ಲ. ಎಎಂಟಿಯಲ್ಲಿ ಸಾಧಾರಣ ಗೇರ್‌ಬಾಕ್ಸಿನ ಕ್ಲಚ್ಚನ್ನೂ ಗೇರನ್ನೂ ಮೋಟಾರು ಒತ್ತುತ್ತದೆ. ಇದರಲ್ಲಾದರೋ ಎಂಜಿನ್ನಿನ ಬಲ ಎಣ್ಣೆಯ ಮೂಲಕ ದಾಟುತ್ತದೆ, ಗೇರು ಬದಲಾಯಿಸುವ ಕೆಲಸವನ್ನೂ ಎಣ್ಣೆಯ ಒತ್ತಡವೇ ಮಾಡುತ್ತದೆ. ಭಾವನ ಎಡಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಕ್ಲಚ್ ಒತ್ತುವ ಕಾರು ಅವರಿಗೆ ಆಗದು; ತೋಟ ಬಿಟ್ಟು ಪೇಟೆಗೆ ಬರಬೇಕೆಂದರೆ ಇದೇ ಗತಿ.

ಮೂವತ್ತು ವರ್ಷ ಐಟಿಐಯಲ್ಲಿ ಹುಡುಗರಿಗೆ ಕೆಲಸ ಹೇಳಿಕೊಟ್ಟು ನಿವೃತ್ತನಾದ ನನಗೆ ಕೋಡಿಬಾಗದ ಮನೆಯ ಅಂಗಳವೇ ಈಗ ವರ್ಕ್‌ಶಾಪು. ಅಂಗಳಕ್ಕೆ ಸಿಮೆಂಟು ಹಾಕಿಸುವಾಗ ಮಟ್ಟಗೋಲು ಇಟ್ಟು ಸಮ ಮಾಡಿಸಿದ್ದು ಇಂತಹ ದಿನಗಳಲ್ಲಿ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಆಟೊಮ್ಯಾಟಿಕ್ಕಿನ ಮೊದಲ ಪರೀಕ್ಷೆಯೇ ಎಣ್ಣೆಯ ಮಟ್ಟ. ಗ್ಯಾರೇಜಿನಲ್ಲಿ ಎಂಜಿನ್ ನಿಲ್ಲಿಸಿ, ತಣ್ಣಗಿದ್ದಾಗಲೇ ನೋಡಿದ್ದರಂತೆ. ಈ ಕಾರಿನ ಕೈಪಿಡಿ ಹೇಳುವುದು ಬೇರೆ: ಹದಿನೈದು ಇಪ್ಪತ್ತು ಕಿಲೋಮೀಟರು ಓಡಿಸಿ ಎಣ್ಣೆಯನ್ನು 70ರಿಂದ 80 ಡಿಗ್ರಿಗೆ ಬಿಸಿ ಮಾಡಿ, ಎಂಜಿನ್ ಚಾಲೂ ಇಟ್ಟುಕೊಂಡು, ಬ್ರೇಕ್ ಒತ್ತಿ ಹಿಡಿದು ಲಿವರನ್ನು ಪಿ (ನಿಲುಗಡೆ) ಇಂದ ಎಲ್ (ಕೆಳಗಿನ ಗೇರು) ವರೆಗೆ ನಿಧಾನವಾಗಿ ಒಯ್ದು ಮರಳಿ ಪಿಗೆ ತಂದು, ಆಮೇಲೆ ಡಿಪ್‌ಸ್ಟಿಕ್ ನೋಡಬೇಕು. (ಎಂಜಿನ್ ನಿಲ್ಲಿಸಿಯೇ ನೋಡಬೇಕಾದ ಕಾರುಗಳೂ ಇವೆ, ಕೈಪಿಡಿ ಓದದೆ ಕಡ್ಡಿ ಎಳೆಯಬಾರದು.) ಹಾಗೆ ನೋಡಿದಾಗ ಎಣ್ಣೆ ಕಡ್ಡಿಯ ಮೇಲಿನ ‘ಬಿಸಿ’ ಗುರುತಿನ ಕೆಳಗೆರೆಗಿಂತಲೂ ಒಂದು ಸೆಂಟಿಮೀಟರು ಕೆಳಗಿತ್ತು. ಹೊಸ ಗೇರೆಣ್ಣೆ ಮುರುಗಲ ಪಾನಕದಂತೆ ಕೆಂಪಗೆ ತಿಳಿಯಾಗಿರುತ್ತದೆ. ಬಿಳಿ ಕಾಗದದ ಮೇಲೆ ಬಿದ್ದ ಈ ಹನಿ ನಮ್ಮ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಸ್ವಲ್ಪ ಸೀದ ವಾಸನೆಯೂ ಇತ್ತು, ಆದರೆ ಮೂಗು ಹಿಡಿದುಕೊಳ್ಳುವಷ್ಟಲ್ಲ. ಹನಿ ಕಾಗದದಲ್ಲಿ ಅಗಲವಾಗಿ ಹರಡಿತು, ನಡುವೆ ಕಪ್ಪು ಚುಕ್ಕೆ ಉಳಿಯಲಿಲ್ಲ. ಹಾಲು ಬೆರೆಸಿದಂತಹ ಗುಲಾಬಿ ಬಣ್ಣ ಕಂಡಿದ್ದರೆ ನಾನು ಅಲ್ಲಿಗೇ ಕೈಚೆಲ್ಲುತ್ತಿದ್ದೆ. ಈ ಎಣ್ಣೆ ತಣಿಯುವುದು ರೇಡಿಯೇಟರಿನ ತೊಟ್ಟಿಯೊಳಗಿನ ಒಂದು ಸಣ್ಣ ಕೊಳವೆಯಲ್ಲಿ. ಅದು ತೂತಾದರೆ ಎಂಜಿನ್ನಿನ ನೀರು ಗೇರ್‌ಬಾಕ್ಸಿಗೆ ನುಗ್ಗಿ ಕ್ಲಚ್ ಪ್ಲೇಟುಗಳ ಹೊದಿಕೆಯ ಅಂಟನ್ನು ಬಿಡಿಸಿಬಿಡುತ್ತದೆ. ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ಅಲ್ಲಿಯೂ ಎಣ್ಣೆಯ ಪಸೆ ಇರಲಿಲ್ಲ.

ಕಡಿಮೆಯಾದ ಎಣ್ಣೆ ಹೋದದ್ದೆಲ್ಲಿಗೆ ಎಂಬುದಕ್ಕೆ ಉತ್ತರ ಬಲಗಡೆಯ ಆಕ್ಸಲ್ ಸೀಲಿನ (ಚಕ್ರದ ದಂಡ ಹೊರಬರುವಲ್ಲಿ ಎಣ್ಣೆ ತಡೆಯುವ ಬಿರಡೆಯ) ಸುತ್ತ ಅಂಟಿದ್ದ ಕೆಂಪು ಮಣ್ಣಿನ ಒದ್ದೆ ಉಂಗುರದಲ್ಲಿತ್ತು. ಸೀಲಿನ ಕೆಲಸ ಮುಂದಕ್ಕಿಟ್ಟು ಮೊದಲು ಮಟ್ಟ ಸರಿಪಡಿಸಿದೆ, ಏಕೆಂದರೆ ಎಣ್ಣೆ ಕಡಿಮೆಯಿದ್ದಾಗ ಪಂಪು ಗಾಳಿಯನ್ನೂ ಹೀರುತ್ತದೆ, ಗಾಳಿ ಬೆರೆತ ಎಣ್ಣೆಯಲ್ಲಿ ಒತ್ತಡ ನಿಲ್ಲುವುದಿಲ್ಲ, ಆ ಸ್ಥಿತಿಯಲ್ಲಿ ಮಾಡಿದ ಯಾವ ಪರೀಕ್ಷೆಯ ಫಲಿತಾಂಶವನ್ನೂ ನಂಬಲಾಗದು. 600 ಮಿಲಿಲೀಟರು ಹಿಡಿಯಿತು. ಡಿಪ್‌ಸ್ಟಿಕ್ಕಿನ ಮೇಲೆಯೇ ಎಣ್ಣೆಯ ದರ್ಜೆಯನ್ನು ಕೊರೆದಿದ್ದಾರೆ. ಅದೇ ದರ್ಜೆ ಸಿಕ್ಕಿದ್ದು ಮಡಗಾಂವಿನಲ್ಲಿ. ‘ಯಾವುದಾದರೇನು, ಕೆಂಪಗಿದ್ದರಾಯಿತು’ ಎನ್ನುವವರು ನಮ್ಮಲ್ಲಿ ಬಹಳ. ಗೇರೆಣ್ಣೆ ಜಾರುವಿಕೆಯನ್ನು ಹೆಚ್ಚಿಸಲು ಮಾತ್ರವೇ ಇರುವುದಲ್ಲ, ಪ್ಲೇಟುಗಳು ಎಷ್ಟು ಬೇಗ, ಎಷ್ಟು ನಯವಾಗಿ ಒಂದನ್ನೊಂದು ಹಿಡಿಯಬೇಕು ಎಂಬುದನ್ನೂ ಅದರೊಳಗಿನ ಬೆರಕೆಗಳೇ ನಿರ್ಧರಿಸುತ್ತವೆ. ಜನರಲ್ ಮೋಟಾರ್ಸ್ 1949ರಲ್ಲಿ ತಂದ ಟೈಪ್ ಎ ಎಣ್ಣೆಯಲ್ಲಿ ಆ ಕೆಲಸಕ್ಕೆ ಇದ್ದದ್ದು ತಿಮಿಂಗಿಲದ ಎಣ್ಣೆ. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಎಣ್ಣೆ ತಯಾರಿಸುವವರು ಬದಲಿ ಬೆರಕೆ ಹುಡುಕಬೇಕಾಯಿತು. ಕಡಲ ತಡಿಯಲ್ಲಿ ಕುಳಿತು ಗೇರ್‌ಬಾಕ್ಸ್ ನೋಡುವ ನನಗೆ ಈ ಸಂಗತಿ ಆಗಾಗ ನೆನಪಾಗುತ್ತದೆ.

ಮಟ್ಟ ಸರಿಯಾದ ಮೇಲೆ ಎರಡು ಪರೀಕ್ಷೆ ಮಾಡಿದೆ. ಒಂದು, ನಿಂತಲ್ಲೇ ಎಂಜಿನ್ ಹೂಡುವ ಸ್ಟಾಲ್ ಪರೀಕ್ಷೆ. ನಾಲ್ಕೂ ಚಕ್ರಗಳಿಗೆ ಕಲ್ಲು ಕೊಟ್ಟು, ಕೈಬ್ರೇಕು ಕಾಲುಬ್ರೇಕು ಎರಡನ್ನೂ ಬಿಗಿಯಾಗಿ ಹಿಡಿದು, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಡಿ (ಮುಂದೆ ಓಡುವ) ಸ್ಥಾನದಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಎಂಜಿನ್ ಎಷ್ಟು ಆರ್‌ಪಿಎಂಗೆ (ನಿಮಿಷಕ್ಕೆ ಎಷ್ಟು ಸುತ್ತಿಗೆ) ನಿಲ್ಲುತ್ತದೆಂದು ನೋಡುವುದು. ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೂಡದು, ಏಕೆಂದರೆ ಎಂಜಿನ್ನಿನ ಅಷ್ಟೂ ಬಲ ಆಗ ಎಣ್ಣೆಯ ಕಾವಾಗಿ ಬದಲಾಗುತ್ತಿರುತ್ತದೆ. ಡಿಯಲ್ಲಿಯೂ ರಿವರ್ಸಿನಲ್ಲಿಯೂ 2250ಕ್ಕೆ ನಿಂತಿತು, ಕೈಪಿಡಿಯ ಮಿತಿಯೊಳಗೇ. ಕ್ಲಚ್ಚು ನಿಜವಾಗಿ ಜಾರುತ್ತಿದ್ದರೆ ಮುಳ್ಳು ಅಲ್ಲಿ ನಿಲ್ಲದೆ ಮೇಲೇರುತ್ತಿತ್ತು. ಇನ್ನೊಂದು, ಎನ್ (ನ್ಯೂಟ್ರಲ್) ಇಂದ ಡಿಗೆ ಹಾಕಿದ ಗಳಿಗೆಯಿಂದ ಕಾರು ಮೆಲ್ಲನೆ ಜಗ್ಗುವ ಗಳಿಗೆಯ ತನಕದ ಸಮಯ: ಡಿಗೆ 0.8 ಸೆಕೆಂಡು, ರಿವರ್ಸಿಗೆ 1.1. ಮಿತಿ ಕ್ರಮವಾಗಿ 1.2 ಮತ್ತು 1.5. ಅರವತ್ತು ಸಾವಿರದ ತೀರ್ಪು ಇಲ್ಲಿಗೇ ಅರ್ಧ ಬಿದ್ದುಹೋಗಿತ್ತು.

ಉಳಿದರ್ಧವನ್ನು ಬೀಳಿಸಿದ್ದು ಒಂದು ಸರಳ ಉಪಾಯ. ಗೇರ್‌ಬಾಕ್ಸಿನ ಮೇಲಿರುವ ಸೊಲೆನಾಯ್ಡ್ (ವಿದ್ಯುತ್ತಿನಿಂದ ಎಣ್ಣೆಯ ದಾರಿ ತೆರೆದು ಮುಚ್ಚುವ ಸಣ್ಣ ಕವಾಟ) ವೈರುಗಳ ಕನೆಕ್ಟರನ್ನು ಬಿಡಿಸಿಟ್ಟು ಕಾರನ್ನು ಓಡಿಸಿದರೆ ಕಂಪ್ಯೂಟರಿನ ಮಾತು ಗೇರ್‌ಬಾಕ್ಸಿಗೆ ತಲುಪುವುದಿಲ್ಲ. ಆಗ ಗೇರು ಕೇವಲ ಲಿವರಿನ ಸ್ಥಾನದಿಂದ ನಿರ್ಧಾರವಾಗುತ್ತದೆ. ಈ ಬಾಕ್ಸಿನಲ್ಲಿ ಎಲ್ ಎಂದರೆ ಮೊದಲನೆಯದು, 2 ಎಂದರೆ ಮೂರನೆಯದು, ಡಿ ಎಂದರೆ ನಾಲ್ಕನೆಯದು. ಕಾಳಿ ಸೇತುವೆ ದಾಟಿ ಮಾಜಾಳಿಯ ಕಡೆಗೆ ಬೆಳಗಿನ ಆರು ಗಂಟೆಗೆ, ಲಾರಿಗಳ ಸಾಲು ಹೊರಡುವ ಮೊದಲು, ಹೀಗೆ ಓಡಿಸಿ ನೋಡಿದೆ. ಮೂರೂ ಗೇರು ಬೇರೆ ಬೇರೆಯಾಗಿ, ಗಟ್ಟಿಯಾಗಿ ಹಿಡಿದವು. ಲೋಹದ ಭಾಗ, ಎಣ್ಣೆಯ ಭಾಗ ಎರಡೂ ಕೆಲಸ ಮಾಡುತ್ತಿವೆ. ದೋಷ ವಿದ್ಯುತ್ತಿನದು ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಕೂಡ ಅದನ್ನೇ ಹೇಳುತ್ತಿತ್ತು: ಪಿ0758, ಅಂದರೆ ಎರಡನೆಯ ಶಿಫ್ಟ್ ಸೊಲೆನಾಯ್ಡಿನ ವಿದ್ಯುತ್ ಮಂಡಲದಲ್ಲಿ ತೊಂದರೆ.

ಇಲ್ಲಿಂದ ಮುಂದೆ ನಾನು ಮಾಡಿದ್ದು ತಪ್ಪು, ಅದನ್ನೂ ಇದ್ದಂತೆಯೇ ಬರೆಯುತ್ತೇನೆ. ಕನೆಕ್ಟರಿನ ತುದಿಗೆ ಮಲ್ಟಿಮೀಟರ್ ಹಿಡಿದರೆ ಮೊದಲ ಸೊಲೆನಾಯ್ಡು 13.3 ಓಮ್, ಎರಡನೆಯದು 13.4 ಓಮ್; ಇರಬೇಕಾದದ್ದು 11ರಿಂದ 15. ಎರಡೂ ಸರಿ. ಕನೆಕ್ಟರಿನ ಒಳಗೆ ನೋಡಿದರೆ ಎರಡನೆಯ ಪಿನ್ನಿಗೆ ಹಸಿರು ಕಿಲುಬು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಈ ದಂಡೆಯಲ್ಲಿ ಹಾರ್ನಿನಿಂದ ಹಿಡಿದು ಹೆಡ್‌ಲೈಟಿನವರೆಗೆ ನೂರಾರು ಕನೆಕ್ಟರುಗಳ ಕಿಲುಬು ತೆಗೆದ ಕೈ ಇದು. ಕಂಡದ್ದೇ ಕಾರಣವೆಂದು ನಂಬಿಬಿಟ್ಟೆ. ಸ್ಪ್ರೇ ಹೊಡೆದು, ಸಣ್ಣ ಬ್ರಶ್ಶಿನಿಂದ ತಿಕ್ಕಿ, ಪಿನ್ನಿನ ಹಿಡಿತ ಬಿಗಿ ಮಾಡಿ, ಕೋಡ್ ಅಳಿಸಿ, ಮಾಜಾಳಿಗೆ ಎರಡು ಸಲ ಹೋಗಿಬಂದೆ. ಬೆಣ್ಣೆಯಂತೆ ಓಡಿತು. ಭಾವನಿಗೆ ಕೀಲಿ ಕೊಟ್ಟು ಕಳಿಸಿದೆ.

ಹನ್ನೆರಡನೆಯ ದಿನ ಶಿರಸಿಯಿಂದ ಭಾವನ ಫೋನು ಬಂತು; ಅವರೂ ನನ್ನನ್ನು ಕರೆಯುವುದು ಭಾವ ಎಂದೇ. ‘ಭಾವಾ, ಮತ್ತೆ ಅದೇ ಕಥೆ ಆತು.’ ಅದೇ ಘಟ್ಟ, ಅದೇ ಏರು.

ಈ ಸಲ ಒಂದು ಉಪಕಾರವಾಗಿತ್ತು. ದೀಪ ಮಿಣುಕಿದರೆ ಮೀಟರಿನ ಫೋಟೋ ತೆಗೆಯಿರಿ ಎಂದು ನಾನು ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದ ಅಕ್ಕ, ಏರು ಶುರುವಾದಾಗಿನಿಂದಲೇ ಮೊಬೈಲಿನಲ್ಲಿ ವಿಡಿಯೊ ಹಿಡಿದಿದ್ದಳು. ನಡುವೆ ಅವಳ ಹೆಬ್ಬೆರಳು, ಭಾವನ ಮಣಿಕಟ್ಟು ಎಲ್ಲ ಬಂದಿದ್ದರೂ ಬೇಕಾದ ಎರಡು ಮುಳ್ಳುಗಳು ಸ್ಪಷ್ಟವಾಗಿದ್ದವು. ವೇಗ ಗಂಟೆಗೆ 40 ಕಿಲೋಮೀಟರು. ಎಂಜಿನ್ 2300 ಆರ್‌ಪಿಎಂ. ಕೂಗಿದ ಗಳಿಗೆಯಲ್ಲಿ ವೇಗ ಅದೇ 40. ಎಂಜಿನ್ ಮಾತ್ರ 4200ಕ್ಕೆ ಹೋಗಿ, ಅಲ್ಲಿ ಒಂದು ಜಗ್ಗಿನೊಂದಿಗೆ ನಿಂತಿತು. ನಿಂತಿತು ಎಂಬುದೇ ಇಲ್ಲಿನ ಮುಖ್ಯ ಮಾತು. ಸವೆದ ಕ್ಲಚ್ಚು ಜಾರಿದರೆ ಎಂಜಿನ್ನಿನ ಓಟಕ್ಕೆ ಗೊತ್ತಾದ ನೆಲೆಯಿರುವುದಿಲ್ಲ; ಕಾಲು ಒತ್ತಿದಷ್ಟೂ ತೇಲುತ್ತಾ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇದು ಒಂದು ಅಂಕಿಗೆ ಹೋಗಿ ಗಟ್ಟಿಯಾಗಿ ನಿಂತಿದೆ. ಈ ಬಾಕ್ಸಿನ ಮೊದಲ ಗೇರಿನ ಅನುಪಾತ (ಹೊರದಂಡ ಒಂದು ಸುತ್ತು ತಿರುಗಲು ಒಳದಂಡ ತಿರುಗಬೇಕಾದ ಸುತ್ತು) 2.85, ಎರಡನೆಯದರದ್ದು 1.55. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.84. ಎರಡು ಸಾವಿರದ ಮುನ್ನೂರನ್ನು ಅದರಿಂದ ಗುಣಿಸಿದರೆ 4232. ಟಾರ್ಕ್ ಕನ್ವರ್ಟರಿನಲ್ಲಿ ಸ್ವಲ್ಪ ವ್ಯತ್ಯಾಸ ಇದ್ದೇ ಇರುವುದರಿಂದ ಇದಕ್ಕಿಂತ ಹತ್ತಿರದ ಉತ್ತರವನ್ನು ಕೇಳಲಾಗದು. ಕಾರು ಜಾರಿರಲಿಲ್ಲ, ಏರಿನ ನಡುವೆ ತಾನಾಗಿ ಎರಡನೇ ಗೇರಿನಿಂದ ಮೊದಲನೆಯದಕ್ಕೆ ಬಿದ್ದಿತ್ತು.

ಬೀಳುವುದೇಕೆ ಎಂಬುದಕ್ಕೆ ಕೈಪಿಡಿಯ ಒಂದು ಸಣ್ಣ ಕೋಷ್ಟಕ ಸಾಕು. ಈ ಬಾಕ್ಸಿನಲ್ಲಿ ಗೇರು ನಿರ್ಧರಿಸುವ ಸೊಲೆನಾಯ್ಡುಗಳು ಎರಡೇ. ಮೊದಲ ಗೇರಿಗೆ ಮೊದಲನೆಯದು ಮಾತ್ರ ಚಾಲೂ, ಎರಡನೆಯ ಗೇರಿಗೆ ಎರಡೂ ಚಾಲೂ, ಮೂರನೆಯದಕ್ಕೆ ಎರಡನೆಯದು ಮಾತ್ರ, ನಾಲ್ಕನೆಯದಕ್ಕೆ ಎರಡೂ ಬಂದ್. ಎರಡನೇ ಗೇರಿನಲ್ಲಿ ಓಡುತ್ತಿರುವಾಗ ಎರಡನೆಯ ಸೊಲೆನಾಯ್ಡಿಗೆ ಹೋಗುವ ವಿದ್ಯುತ್ತು ಕಡಿದರೆ ಉಳಿಯುವುದು ಮೊದಲ ಗೇರಿನ ಸ್ಥಿತಿಯೇ. ಕಂಪ್ಯೂಟರ್ ಅದನ್ನು ಗಮನಿಸಿ ದೀಪ ಮಿಣುಕಿಸುತ್ತದೆ, ಆ ಸೊಲೆನಾಯ್ಡಿನ ಆಸೆ ಬಿಡುತ್ತದೆ; ಆಮೇಲೆ ಅದರ ಕೈಯಲ್ಲಿರುವುದು ಒಂದು ಮತ್ತು ನಾಲ್ಕು, ಎರಡೇ ಗೇರು. ಘಟ್ಟದ ಏರಿನಲ್ಲಿ ನಾಲ್ಕನೇ ಗೇರು ಸಿಕ್ಕ ಕಾರು ಏದುಸಿರು ಬಿಡದೆ ಇನ್ನೇನು ಮಾಡೀತು? ಗ್ಯಾರೇಜಿನವರು ಕೇಳಿದ ಕೂಗು, ಜಗ್ಗು, ಎಳೆತದ ಕೊರತೆ ಮೂರಕ್ಕೂ ಇದೇ ಕೋಷ್ಟಕದಲ್ಲಿ ಉತ್ತರವಿತ್ತು.

ಹಾಗಾದರೆ 13.4 ಓಮ್ ಎಂದು ಸರಿಯಾಗಿಯೇ ತೋರಿಸಿದ ಮಲ್ಟಿಮೀಟರು? ನಾನು ಅಳೆದದ್ದು ಬೆಳಿಗ್ಗೆ, ತಣ್ಣಗಿನ ಬಾಕ್ಸಿನಲ್ಲಿ. ಮಾಜಾಳಿಯ ರಸ್ತೆ ಅಂಗೈಯಂತೆ ಸಮ. ಅಲ್ಲಿ ಎಷ್ಟು ಓಡಿಸಿದರೂ ಎಣ್ಣೆ ಎಪ್ಪತ್ತೈದನ್ನು ದಾಟಿರಲಿಕ್ಕಿಲ್ಲ. ಬಿಸಿಯಾದಾಗ ಮಾತ್ರ ಬರುವ ಕಾಯಿಲೆಯನ್ನು ತಣ್ಣಗಿದ್ದಾಗ ಹುಡುಕಿದ್ದು ನನ್ನ ಬುದ್ಧಿವಂತಿಕೆ. ಈ ಸಲ ಪಕ್ಕದ ಮನೆಯ ಐಟಿಐ ಹುಡುಗನನ್ನು ಜೊತೆಗೆ ಕೂರಿಸಿಕೊಂಡು ಕದ್ರಾ ದಾಟಿ ಅಣಶಿ ಘಟ್ಟ ಹತ್ತಿಸಿದೆ. ಮೂರನೆಯ ದೊಡ್ಡ ತಿರುವಿನ ಬಳಿಕ ಕೂಗು, ಜಗ್ಗು, ದೀಪ. ಅಗಲ ಕಂಡಲ್ಲಿ ನಿಲ್ಲಿಸಿ ಹುಡುಗ ಬಾನೆಟ್ ಎತ್ತಿದ, ನಾನು ಕೈಗೆ ಬಟ್ಟೆ ಸುತ್ತಿಕೊಂಡು ಕನೆಕ್ಟರ್ ಬಿಡಿಸಿದೆ. ಮೊದಲನೆಯ ಸೊಲೆನಾಯ್ಡು 16.5 ಓಮ್, ಎರಡನೆಯದರಲ್ಲಿ ಮೀಟರ್ ಏನನ್ನೂ ತೋರಿಸಲಿಲ್ಲ, ತಂತಿ ಕಡಿದ ಹಾಗೆ. ‘ಸರ್, ಮೊದಲನೆಯದೂ ಹದಿನೈದು ದಾಟಿದೆಯಲ್ಲ, ಅದೂ ಹಾಳಾ?’ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ತಾಮ್ರದ ತಂತಿ ಒಂದು ಡಿಗ್ರಿ ಬಿಸಿಯಾದರೆ ಅದರ ರೋಧ ಸುಮಾರು ನೂರಕ್ಕೆ 0.4ರಷ್ಟು ಏರುತ್ತದೆ, ಅರವತ್ತೈದು ಡಿಗ್ರಿಗೆ ಕಾಲು ಭಾಗ. ಹದಿಮೂರು ಹದಿನಾರೂವರೆ ಆಗಿರುವುದು ಆರೋಗ್ಯದ ಲಕ್ಷಣವೇ. ಕೈಪಿಡಿಯ 11ರಿಂದ 15 ಎಂಬುದು 20 ಡಿಗ್ರಿಯ ಮಾತು.

ಹೊರಗಿನ ಕನೆಕ್ಟರ್ ಈಗ ನಿರಪರಾಧಿ. ಉಳಿದದ್ದು ಬಾಕ್ಸಿನ ಒಳಗಿನ ವೈರು ಅಥವಾ ಸೊಲೆನಾಯ್ಡು. ಎರಡಕ್ಕೂ ತಳದ ತಟ್ಟೆ, ಮೆಕ್ಯಾನಿಕ್‌ಗಳ ಮಾತಿನಲ್ಲಿ ಚೇಂಬರ್, ಬಿಚ್ಚಲೇಬೇಕು. ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಸಮವಾಗಿ ಏರಿಸಿ, ಎಣ್ಣೆ ಇಳಿಸಿದೆ. ಇಳಿದ ಎಣ್ಣೆಯನ್ನು ಹಳೆಯ ನೀರಿನ ಬಾಟಲಿಗಳಿಗೆ ತುಂಬಿ ಅಳತೆ ಬರೆದಿಟ್ಟೆ: 3.3 ಲೀಟರು. ಮರಳಿ ತುಂಬುವಾಗ ಈ ಅಂಕಿಯೇ ದಾರಿ ತೋರಿಸುವುದು. ತಟ್ಟೆಯ ಸುತ್ತಲಿನ ಬೋಲ್ಟುಗಳನ್ನು ಒಂದು ಮೂಲೆಯಲ್ಲಿ ಸಡಿಲವಾಗಿ ಬಿಟ್ಟು ಉಳಿದವನ್ನು ತೆಗೆದರೆ ತಟ್ಟೆ ಆ ಮೂಲೆಯಿಂದ ಓರೆಯಾಗಿ ಇಳಿಯುತ್ತದೆ, ಉಳಿದ ಎಣ್ಣೆ ತಲೆಯ ಮೇಲೆ ಸುರಿಯುವುದಿಲ್ಲ. ಈ ಪಾಠವನ್ನು ನಾನು ಮೂವತ್ತು ವರ್ಷ ಹೇಳಿಕೊಟ್ಟಿದ್ದರೂ ಅಂದು ನನ್ನ ಅಂಗಿಯ ಎಡತೋಳು ಕೆಂಪಾಯಿತು.

ಗೇರ್‌ಬಾಕ್ಸಿನ ಇತಿಹಾಸವೆಲ್ಲ ಆ ತಟ್ಟೆಯ ಆಯಸ್ಕಾಂತಗಳ ಮೇಲೆ ಬರೆದಿರುತ್ತದೆ. ಇದರಲ್ಲಿ ಮೂರು ಇದ್ದವು. ಮೂರರ ಮೇಲೂ ಗಂಧ ತೇಯ್ದಂತೆ ನುಣುಪಾದ ಬೂದು ಕೆಸರು. ಬೆರಳುಗಳ ನಡುವೆ ಉಜ್ಜಿದರೆ ಎಲ್ಲಿಯೂ ಚುಚ್ಚಲಿಲ್ಲ. ಉಕ್ಕಿನ ಚೂರು, ಹಿತ್ತಾಳೆಯ ಹೊಳಪು ಯಾವುದೂ ಇಲ್ಲ. ತಟ್ಟೆಯ ಮೂಲೆಯಲ್ಲಿ ಚಹಾಪುಡಿಯಷ್ಟು ಸಣ್ಣ ಕಪ್ಪು ಕಣಗಳು ಒಂದು ಚಿಟಿಕೆಯಷ್ಟಿದ್ದವು; ಕ್ಲಚ್ ಪ್ಲೇಟಿನ ಹೊದಿಕೆ ಸವೆದ ಪುಡಿ ಅದು, ಇಪ್ಪತ್ತು ವರ್ಷಕ್ಕೆ ಹೆಚ್ಚೇನಲ್ಲ. ಪದರ ಪದರವಾಗಿ ಕಿತ್ತು ಬಂದಿದ್ದರೆ ಗ್ಯಾರೇಜಿನವರ ಮಾತಿಗೆ ತಲೆಬಾಗಬೇಕಿತ್ತು.

ಎರಡು ಸೊಲೆನಾಯ್ಡುಗಳೂ ಕೈಬೆರಳಿನಷ್ಟು ಸಣ್ಣವು, ತಲಾ ಒಂದು ಬೋಲ್ಟಿನಿಂದ ವಾಲ್ವ್ ಬಾಡಿ ಎಂಬ, ಎಣ್ಣೆಯ ದಾರಿಗಳಿರುವ ಲೋಹದ ಅಚ್ಚಿಗೆ ಹಿಡಿದುಕೊಂಡಿರುತ್ತವೆ. ಅವುಗಳ ವೈರಿನ ಪ್ಲಾಸ್ಟಿಕ್ ಕೊಂಡಿ ಬಿಸಿ ಎಣ್ಣೆಯಲ್ಲಿ ವರ್ಷಗಟ್ಟಲೆ ಬೆಂದು ಹಪ್ಪಳದಂತಾಗಿರುತ್ತದೆ; ಉಗುರಿನಿಂದ ಎತ್ತಲು ಹೋದರೆ ಮುರಿಯುತ್ತದೆ. ತೆಳುವಾದ ಎರಡು ಸ್ಕ್ರೂಡ್ರೈವರುಗಳನ್ನು ಎದುರುಬದುರು ಹಾಕಿ ಸಮನಾಗಿ ಸರಿಸಬೇಕು. ಹೊರತೆಗೆದ ಮೇಲೆ ವೈರನ್ನು ಎಳೆದು, ಬಾಗಿಸಿ ಅಳೆದೆ; ಅದರಲ್ಲಿ ದೋಷವಿರಲಿಲ್ಲ.

ಸೊಲೆನಾಯ್ಡೇ ಕಾರಣವೆಂದು ಈಗ ಊಹಿಸಬಹುದಿತ್ತು, ಆದರೆ ಕಿಲುಬಿನ ವಿಷಯದಲ್ಲಿ ಒಮ್ಮೆ ಊಹಿಸಿ ಕೆಟ್ಟವನು ನಾನು. ಬಿಸಿ ಮಾಡಿ ನೋಡಬೇಕು. ಗೇರೆಣ್ಣೆಯನ್ನು ನೇರವಾಗಿ ಬೆಂಕಿಯ ಮೇಲಿಡುವುದು ಅಪಾಯ, ಅಡಿಗೆಮನೆಯಲ್ಲಿಡಲು ಹೆಂಡತಿಯ ಅಪ್ಪಣೆಯಿಲ್ಲ. ಕೊನೆಗೆ ನೆನಪಾದದ್ದು ಬಚ್ಚಲ ಹಂಡೆ. ಎರಡೂ ಸೊಲೆನಾಯ್ಡುಗಳನ್ನು ಸ್ಟೀಲಿನ ಉದ್ದ ಲೋಟದಲ್ಲಿಟ್ಟು ಮುಳುಗುವಷ್ಟು ಗೇರೆಣ್ಣೆ ಹೊಯ್ದು, ಥರ್ಮಾಮೀಟರಿನ ಕಡ್ಡಿ ಇಳಿಬಿಟ್ಟು, ಲೋಟವನ್ನು ತಂತಿಯಿಂದ ಹಂಡೆಯ ಕಂಠಕ್ಕೆ ಕಟ್ಟಿ ನೀರಿನಲ್ಲಿ ಅರ್ಧ ಮುಳುಗಿಸಿದೆ. ನೀರು ನೂರು ಡಿಗ್ರಿ ದಾಟದು, ಎಣ್ಣೆಗೆ ಬೆಂಕಿಯ ನಾಲಗೆ ತಾಗದು. ತೆಂಗಿನ ಸಿಪ್ಪೆ ಒಟ್ಟುತ್ತ ಹುಡುಗ ಒಲೆಯ ಮುಂದೆ ಕುಳಿತ, ನಾನು ಮೀಟರ್ ಹಿಡಿದು ಬರೆಯುತ್ತ ಹೋದೆ. ಮೂವತ್ತು ಡಿಗ್ರಿಯಲ್ಲಿ ಎರಡನೆಯದು 13.4. ಅರವತ್ತರಲ್ಲಿ 14.9. ಎಂಬತ್ತರಲ್ಲಿ 15.9. ಎಂಬತ್ತಾರಕ್ಕೆ ಬಂದಾಗ ಅಂಕಿ ಒಮ್ಮೆ 40ಕ್ಕೆ ಹಾರಿ, ಮರಳಿ ಹದಿನಾರಕ್ಕೆ ಇಳಿದು, ಮಾಯವಾಯಿತು. ಹುಡುಗ ಒಲೆಯಿಂದ ಎದ್ದು ಬಂದು ಮೀಟರನ್ನೇ ನೋಡುತ್ತ ನಿಂತ. ಸೌದೆ ಎಳೆದು ತಣಿಯಲು ಬಿಟ್ಟರೆ ಎಪ್ಪತ್ತನಾಲ್ಕು ಡಿಗ್ರಿಯಲ್ಲಿ 15.6 ಎಂದು ಮತ್ತೆ ಕಾಣಿಸಿಕೊಂಡಿತು. ಪುನಃ ಬಿಸಿ ಮಾಡಿದಾಗ ಎಂಬತ್ತೈದಕ್ಕೆ ಮಾಯ. ಮೊದಲನೆಯ ಸೊಲೆನಾಯ್ಡು ಅದೇ ಲೋಟದಲ್ಲಿ ತೊಂಬತ್ತರವರೆಗೂ ಚಾಚೂ ತಪ್ಪದೆ ಏರಿತು. ಸುರುಳಿಯ ತಂತಿ ಎಲ್ಲಿಯೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಹಿಗ್ಗಿದಾಗ ಅಗಲುತ್ತದೆ, ಕುಗ್ಗಿದಾಗ ಕೂಡುತ್ತದೆ. ಭಾವ ಅಂದು ಅರ್ಧ ಗಂಟೆ ಕಾದದ್ದರಿಂದ ಕಾರು ಸುಧಾರಿಸಿದ್ದು ಇದೇ ಕಾರಣಕ್ಕೆ.

ಹೊಸ ಸೊಲೆನಾಯ್ಡು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರಲು ಒಂಬತ್ತು ದಿನ ಹಿಡಿಯಿತು. ಮೊದಲನೆಯದನ್ನೂ ಬದಲಿಸಿದೆ, ಇಬ್ಬರೂ ಒಂದೇ ವಯಸ್ಸಿನವರು. ಓ-ರಿಂಗಿಗೆ ಗೇರೆಣ್ಣೆ ಸವರಿ ಕೂರಿಸಿ, ಜಾಲರಿ ತೊಳೆದು, ಆಯಸ್ಕಾಂತ ಒರೆಸಿ, ತಟ್ಟೆ ಮುಚ್ಚಿದೆ. ಆಕ್ಸಲ್ ಸೀಲೂ ಆಗಲೇ ಹೊಸದಾಯಿತು.

ಎಣ್ಣೆಯ ವಿಷಯದಲ್ಲಿ ನೆರೆಯ ಗ್ಯಾರೇಜಿನವನು ಅಂಗಳಕ್ಕೇ ಬಂದು ಎಚ್ಚರಿಸಿದ: ‘ಮಾಸ್ತರ್ರೆ, ಹಳೆ ಬಾಕ್ಸಿಗೆ ಹೊಸ ಎಣ್ಣೆ ಹಾಕಬೇಡಿ, ಪೂರಾ ಹೋಗ್ತದೆ.’ ಈ ನಂಬಿಕೆಗೆ ಬುಡವಿಲ್ಲವೆನ್ನಲಾರೆ. ಕ್ಲಚ್ಚು ಪೂರ್ತಿ ಸವೆದು ಸಾಯುವ ಹೊತ್ತಿಗೇ ಜನ ಎಣ್ಣೆ ಬದಲಿಸುತ್ತಾರೆ, ಆಮೇಲೆ ಅದು ಸತ್ತಾಗ ಹೊಸ ಎಣ್ಣೆಯ ಮೇಲೆ ಅಪವಾದ ಬರುತ್ತದೆ. ಇಲ್ಲಿ ಸ್ಟಾಲ್ ಪರೀಕ್ಷೆಯೂ ಆಯಸ್ಕಾಂತಗಳೂ ಕ್ಲಚ್ಚಿನ ಪರವಾಗಿ ಸಾಕ್ಷಿ ಹೇಳಿದ್ದವು. ಆದರೂ ಒತ್ತಡದ ಯಂತ್ರ ಹಚ್ಚಿ ಒಮ್ಮೆಗೇ ತೊಳೆಯುವ ಕೆಲಸಕ್ಕೆ ನಾನು ಹೋಗಲಿಲ್ಲ. ತಟ್ಟೆ ಬಿಚ್ಚಿದರೆ ಇಳಿಯುವುದು ಒಟ್ಟು ಎಣ್ಣೆಯ ಅರ್ಧಕ್ಕಿಂತ ಕಡಿಮೆ, ಉಳಿದದ್ದು ಕನ್ವರ್ಟರಿನಲ್ಲಿಯೇ ಇರುತ್ತದೆ. ಆದ್ದರಿಂದ ನಡುವೆ ಇನ್ನೂರು ಇನ್ನೂರು ಕಿಲೋಮೀಟರು ಓಡಿಸಿ ಮೂರು ಸಲ ಇಳಿಸಿ ತುಂಬಿದೆ. ಮೂರನೆಯ ಸಲ ಇಳಿದದ್ದು ಜೋನಿಬೆಲ್ಲದಂತಿರಲಿಲ್ಲ, ನಾಲ್ಕು ದಿನದ ಮುರುಗಲ ಪಾನಕದಂತಿತ್ತು. ಒಟ್ಟು ಖರ್ಚು, ಎಣ್ಣೆಯದ್ದೇ ಹೆಚ್ಚಿನ ಪಾಲಾಗಿ, ಹದಿನಾಲ್ಕು ಸಾವಿರದ ಒಳಗೆ ಬಂತು.

ಈ ಸಲ ಕೀಲಿ ಕೊಟ್ಟು ಕಳಿಸಲಿಲ್ಲ, ನಾನೇ ಜೊತೆಗೆ ಹೋದೆ. ದೇವಿಮನೆ ಘಟ್ಟವನ್ನು ಮಧ್ಯಾಹ್ನದ ಬಿಸಿಲಿನಲ್ಲಿ, ಎಸಿ ಹಾಕಿ, ಒಂದು ತುಂಬಿದ ಲಾರಿಯ ಹಿಂದೆ ಬೇಕೆಂದೇ ನಿಧಾನವಾಗಿ ಹತ್ತಿಸಿದೆವು. ಎರಡನೇ ಗೇರಿನಲ್ಲಿ ಮುಳ್ಳು ಎರಡು ಸಾವಿರದ ಆಸುಪಾಸಿನಲ್ಲಿಯೇ ಆಡಿತು. ಮೇಲೆ ತಲುಪಿ ನಿಲ್ಲಿಸಿ ಅಳೆದರೆ ತಟ್ಟೆಯ ಹೊರಮೈ 94 ಡಿಗ್ರಿ, ಎರಡನೆಯ ಸೊಲೆನಾಯ್ಡು 16.3 ಓಮ್.

ಒಂದು ಸಂಗತಿ ಉಳಿದಿದೆ. ಶಿರಸಿಯ ಚಳಿಯಲ್ಲಿ ರಾತ್ರಿಯಿಡೀ ನಿಂತ ಕಾರಿಗೆ ಬೆಳಿಗ್ಗೆ ಮೊದಲ ಸಲ ರಿವರ್ಸ್ ಹಾಕಿದರೆ ಹಿಡಿಯಲು 1.4 ಸೆಕೆಂಡು ಬೇಕು. ತಣ್ಣಗಿನ ಎಣ್ಣೆ ಮಂದವಾಗಿರುವುದೂ ಕಾರಣವಿರಬಹುದು, ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗಿರುವುದೂ ಇರಬಹುದು. ಎರಡನೆಯದಾದರೆ ಆ ಅಂಕಿ ತಿಂಗಳು ತಿಂಗಳಿಗೆ ಬೆಳೆಯುತ್ತದೆ. ಪ್ರತಿ ತಿಂಗಳ ಮೊದಲ ಸೋಮವಾರ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅಳೆದು ಬರೆದಿಡುವಂತೆ ಭಾವನಿಗೆ ಹೇಳಿದ್ದೇನೆ. ಅಡಿಕೆ ಕೊಯ್ಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ, ಆಳುಗಳ ಮುಂಗಡದ ಕೆಳಗೆ, ಈವರೆಗೆ ಮೂರು ಅಂಕಿಗಳಿವೆ: 1.4, 1.4, 1.3.